‘ಕೋಂ’ಗೆ ಮೊದಲು ಬರುವ ಹೆಸರು: ರಾಜ್ಯ ಚುನಾವಣಾ ಆಯೋಗಕ್ಕೊಂದು ಬಹಿರಂಗ ಪತ್ರ

ಮಾನ್ಯ ರಾಜ್ಯ ಚುನಾವಣಾ ಆಯುಕ್ತರಿಗೆ,

ನಮಸ್ಕಾರ. ನಾನು ತಿಪಟೂರು ಕಡೆಯ ಒಂದು ಹಳ್ಳಿಯವಳು. ಮೂವತ್ತು ವರ್ಷದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಈಗ ನಿವೃತ್ತಿಯಾಗಿದ್ದೇನೆ. ಟೀಚರ್ ಕೆಲಸದ ಜೊತೆಗೆ ಚುನಾವಣೆ ಡ್ಯೂಟಿಯೂ ಅಂಟಿಕೊಂಡೇ ಬರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಮಸ್ಟರಿಂಗ್ ದಿನ, ಅಂದರೆ ಮತದಾನದ ಹಿಂದಿನ ದಿನ, ಸಾಮಾನಿನ ಚೀಲ ಎಣಿಸಿಕೊಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿ, ಯಾವುದೋ ಊರಿನ ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆಯುವ ಕೆಲಸ. ಎಷ್ಟೋ ಸಲ ಮಾಡಿದ್ದೇನೆ. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯುವ ಹಾಗಿರಲಿಲ್ಲ. ಈಗ ನೋಟಿಸು ಕೊಡುವವರು ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಂಚಾಯಿತಿ ಚುನಾವಣೆಗೆ ನಿಲ್ಲುವ ಹೆಂಗಸರನ್ನು ಊರು ಗುರುತು ಹಿಡಿಯುವುದು ಹೇಗೆ ಅನ್ನುವುದು ವಿಷಯ.

2015ರ ಗ್ರಾಮ ಪಂಚಾಯಿತಿ ಚುನಾವಣೆ. ಬಿಸಿಲು ಅಂದರೆ ಬಿಸಿಲು. ನಾನು ಮೊದಲನೇ ಪೋಲಿಂಗ್ ಆಫೀಸರ್. ಮತದಾರರ ಪಟ್ಟಿ ನನ್ನ ಮುಂದೆ. ಬಂದವರ ಹೆಸರನ್ನು ಗಟ್ಟಿಯಾಗಿ ಓದಬೇಕು, ಅಭ್ಯರ್ಥಿಗಳ ಏಜೆಂಟರಿಗೆ ಕೇಳಬೇಕು. ಒಬ್ಬರು ಅಜ್ಜಿ ಬಂದರು. ಎಂಬತ್ತರ ಹತ್ತಿರ ವಯಸ್ಸು. ಚೀಟಿ ನೋಡಿ ಹೆಸರು ಓದಿದೆ. ಅಜ್ಜಿ ಸುಮ್ಮನೆ ನಿಂತಿದ್ದರು. ಇನ್ನೊಮ್ಮೆ ಓದಿದೆ. ಈ ಸಲ ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನುವ ಹಾಗೆ. ಕೊನೆಗೆ ಒಬ್ಬ ಏಜೆಂಟ್ ನಕ್ಕು, “ಅಜ್ಜಿ, ನಿಂದೇ ಹೆಸ್ರು” ಅಂದ. ಅಜ್ಜಿಯೂ ನಕ್ಕರು. “ನನ್ ಹೆಸ್ರು ಹಿಡಿದು ಯಾರು ಕರೀತಾರವ್ವ ಈಗ” ಅಂದರು.

ಅಲ್ಲಿಗೆ ಮುಗಿದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಮತಪತ್ರ ಕೊಟ್ಟೆವು, ಸೀಲು ಕೊಟ್ಟೆವು, ಮರೆಯ ಕಡೆಗೆ ಕಳಿಸಿದೆವು. ಎರಡು ನಿಮಿಷ ಬಿಟ್ಟು ಅಜ್ಜಿ ಮತಪತ್ರ ಹಿಡಿದುಕೊಂಡು ಮರೆಯಿಂದ ಈಚೆಗೇ ಬಂದುಬಿಟ್ಟರು. ನನ್ನ ಮುಂದೆ ಚಾಚಿ ಕೇಳಿದರು: “ಇದ್ರಾಗೆ ರಂಗಪ್ಪನ ಹೆಂಡ್ತಿ ಯಾವ್ದವ್ವ?”

ರಂಗಪ್ಪ ಅಂತ ಇಟ್ಟುಕೊಳ್ಳಿ. ನಿಜವಾದ ಹೆಸರು ಬೇಡ.

ಮತಪತ್ರದಲ್ಲಿ ರಂಗಪ್ಪನೂ ಇರಲಿಲ್ಲ, ಹೆಂಡತಿ ಅನ್ನುವ ಮಾತೂ ಇರಲಿಲ್ಲ. ಸಾಲಾಗಿ ಹೆಸರುಗಳು, ಪಕ್ಕದಲ್ಲಿ ಗುರುತುಗಳು, ಅಷ್ಟೇ. ಲಕ್ಷ್ಮಿಯ ಹೆಸರಿನವರೇ ಇಬ್ಬರಿದ್ದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬಂದಿದ್ದರೂ ಏನೂ ಉಪಯೋಗ ಆಗುತ್ತಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಯಾಕೆಂದರೆ ಆ ಹೆಂಗಸಿನ ಹೆಸರು ಅಜ್ಜಿಗೆ ಗೊತ್ತೇ ಇರಲಿಲ್ಲ. “ಗುರುತು ನೋಡಿ ಒತ್ತಿ ಅಜ್ಜಿ, ನಾನು ಹೇಳೋ ಹಾಗಿಲ್ಲ” ಅಂದೆ. “ಗುರುತು ಮರ್ತೋಯ್ತು ಕಣವ್ವ” ಅಂದರು. ಪಿಆರ್‌ಓ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಎದ್ದು ಬಂದು ಅವರನ್ನು ಮತ್ತೆ ಮರೆಗೆ ಕಳಿಸಿದರು. ಯಾವುದಕ್ಕೆ ಒತ್ತಿದರೋ ದೇವರೇ ಬಲ್ಲ. ಕಣ್ಣು ಕಾಣದವರು ಜೊತೆಗೊಬ್ಬರನ್ನು ಕರೆದುಕೊಂಡು ಒಳಗೆ ಹೋಗಬಹುದು. ಓದಲು ಬಾರದವರಿಗೆ ಆ ಅವಕಾಶ ಇಲ್ಲ. ಇರಬೇಕು ಅಂತಲೂ ನಾನು ಹೇಳುವುದಿಲ್ಲ, ಅದು ಬೇರೆ ರಗಳೆಗೆ ದಾರಿ.

ಸಂಜೆ ಪೆಟ್ಟಿಗೆಗೆ ಸೀಲು ಹಾಕುವಾಗ ಏಜೆಂಟರಿಂದ ಒಂದು ವಿಷಯ ಗೊತ್ತಾಯಿತು. ರಂಗಪ್ಪನ ಮನೆಯೂ ಅಜ್ಜಿಯ ಮನೆಯೂ ಒಂದೇ ಬೀದಿಯಲ್ಲಿವೆ, ಮಧ್ಯೆ ಎರಡೇ ಮನೆ. ಆ ಹೆಂಗಸು ಆ ಊರಿಗೆ ಸೊಸೆಯಾಗಿ ಬಂದು ಹದಿನೈದು ವರ್ಷಕ್ಕೂ ಜಾಸ್ತಿ. ಅಜ್ಜಿಗೆ ಹುಷಾರಿಲ್ಲದಾಗ ಗಂಜಿ ಕಾಯಿಸಿ ಕೊಡುತ್ತಿದ್ದವಳೂ ಅವಳೇ ಅಂತೆ.

ಮಾನ್ಯರೇ, ಅಭ್ಯರ್ಥಿಯನ್ನು ಮತದಾರರು ಗುರುತು ಹಿಡಿಯುವುದು ಹೇಗೆ ಅಂತ ಕೇಳಿದರೆ ಆಯೋಗದ ಬಳಿ ಉತ್ತರ ಸಿದ್ಧವಾಗಿದೆ. ಹೆಸರಿದೆ, ಗುರುತಿದೆ, ಪಂಚಾಯಿತಿ ಕಚೇರಿಯ ಬೋರ್ಡಿನಲ್ಲಿ ಕಣದಲ್ಲಿ ಉಳಿದವರ ಪಟ್ಟಿ ಅಂಟಿಸಿದೆ. ಕಾನೂನಿಗೆ ಇಷ್ಟು ಸಾಕು. ಊರಿನಲ್ಲಿ ಗುರುತು ಹಿಡಿಯುವ ರೀತಿಯೇ ಬೇರೆ. ನಮ್ಮ ಕಡೆ ಹೊಸ ಮುಖ ಕಂಡರೆ ಮೊದಲು ಕೇಳುವುದು “ಯಾರ ಮನೆಯವರು?” ಅಂತ. ಹೆಸರು ಕೇಳುವುದು ಆಮೇಲೆ. ಎಷ್ಟೋ ಸಲ ಕೇಳುವುದೇ ಇಲ್ಲ. ಗಂಡಸರಿಗಾದರೆ ಮನೆಯ ಹೆಸರಿನ ಜೊತೆ ಅವರ ಕೆಲಸವೂ ಅಂಟಿಕೊಳ್ಳುತ್ತದೆ. ಡೈರಿ ಇಂಥವರು, ಮಿಲ್ ಇಂಥವರು, ಕಂಡಕ್ಟರ್ ಇಂಥವರು. ಹುಟ್ಟಿ ಬೆಳೆದ ಊರು. ಕಬಡ್ಡಿ ಆಡಿದ್ದು, ಜಾತ್ರೆಯಲ್ಲಿ ಜಗಳ ಆಡಿದ್ದು, ಸೊಸೈಟಿ ಸಾಲ ಕಟ್ಟದೆ ಇದ್ದದ್ದು, ಎಲ್ಲವೂ ಎಲ್ಲರಿಗೂ ಗೊತ್ತು. ಅವರು ಚುನಾವಣೆಗೆ ನಿಂತರೆ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾದ್ದು ಗುರುತನ್ನು ಮಾತ್ರ.

ಹೆಂಗಸಿನ ಕಥೆ ಹಾಗಲ್ಲ. ಅವಳು ಬಂದದ್ದೇ ಇಪ್ಪತ್ತನೆಯ ವಯಸ್ಸಿಗೆ, ಬೇರೆ ಊರಿನಿಂದ. ಮೊದಲು ಇಂಥವರ ಸೊಸೆ. ಆಮೇಲೆ ಇಂಥವನ ಹೆಂಡತಿ. ಮಗು ಆದಮೇಲೆ ಇಂಥ ಮಗುವಿನ ತಾಯಿ. ಅವಳ ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇರುತ್ತದೆ. ಅಲ್ಲೂ ಒಂಟಿಯಾಗಿ ಇರುವುದಿಲ್ಲ. ನಮ್ಮ ಹಳೇ ಮೈಸೂರು ಕಡೆಯ ಕಾಗದಪತ್ರಗಳಲ್ಲಿ ಗಂಡಸಿಗೆ ‘ಬಿನ್’, ಅಂದರೆ ಇಂಥವರ ಮಗ; ಹೆಂಗಸಿಗೆ ‘ಕೋಂ’, ಅಂದರೆ ಇಂಥವರ ಹೆಂಡತಿ. ಇಂಥವಳು ಕೋಂ ಇಂಥವನು. ಉತ್ತರ ಕರ್ನಾಟಕದ ಕಡೆ ‘ಗಂಡ’ ಅಂತಲೇ ನೇರವಾಗಿ ಬರೆಯುತ್ತಾರೆ. ಗಂಡಸಿನ ‘ಬಿನ್’ ಕಚೇರಿಯ ಕಾಗದದಲ್ಲೇ ಉಳಿಯುತ್ತದೆ. ಹೆಂಗಸಿನ ‘ಕೋಂ’ ಊರಿಗೂ ಬಂದು, ಅದಕ್ಕೆ ಮೊದಲು ಬರುವ ಹೆಸರನ್ನೇ ನುಂಗಿಬಿಡುತ್ತದೆ.

ಒಂದು ಕಡೆ ಮಾತ್ರ ಅವಳಿಗೆ ಹೆಸರಿದೆ: ಸಂಘದಲ್ಲಿ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಹಾಜರಿ ಕರೆಯುವಾಗ ಅವಳು ಅವಳೇ. ಯಾರ ಸಾಲ ಎಷ್ಟು ಬಾಕಿ, ಯಾರು ಪುಸ್ತಕ ಸರಿಯಾಗಿ ಬರೆಯುತ್ತಾರೆ, ಯಾರು ಬ್ಯಾಂಕಿನ ಮ್ಯಾನೇಜರ್ ಎದುರು ಬಾಯಿ ಬಿಟ್ಟು ಮಾತಾಡುತ್ತಾರೆ ಅನ್ನುವುದು ಅಲ್ಲಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಒಂದೇ ವಾರ್ಡಿನಲ್ಲಿ ಒಬ್ಬಳೇ ಅಭ್ಯರ್ಥಿಯನ್ನು ಎರಡು ರೀತಿ ಗುರುತು ಹಿಡಿಯುತ್ತಾರೆ. ಸಂಘದ ಹೆಂಗಸರು ಅವಳನ್ನು ಅವಳ ಕೆಲಸದಿಂದ. ಗಂಡಸರು, ಸಂಘಕ್ಕೆ ಹೋಗದ ಮುದುಕಿಯರು ಅವಳ ಗಂಡನ ಮುಖದಿಂದ. ಪ್ರಚಾರ ನಡೆಯುವುದೆಲ್ಲ ಎರಡನೆಯವರಿಗಾಗಿ.

ಸಾಕ್ಷಿ ಬೇಕಾ? ನನ್ನ ಹತ್ತಿರ ಒಂದು ಕಟ್ಟು ಕರಪತ್ರ ಇದೆ. ಕೂಡಿಡುವ ಹುಚ್ಚೇನಲ್ಲ. ಹಿಂಬದಿ ಖಾಲಿ ಇರುತ್ತದೆ, ಮಕ್ಕಳಿಗೆ ರಫ್ ಲೆಕ್ಕ ಮಾಡಲು ಆಗುತ್ತದೆ ಅಂತ ಎತ್ತಿಡುತ್ತಿದ್ದೆ. 2020ರ ಡಿಸೆಂಬರಿನ ಚುನಾವಣೆಯ ಒಂದಷ್ಟು ಹಾಗೇ ಉಳಿದಿದ್ದವು, ಆಗ ಕೊರೊನಾ, ಶಾಲೆಯಲ್ಲಿ ಮಕ್ಕಳೇ ಇರಲಿಲ್ಲ. ಮೊನ್ನೆ ಹರವಿಕೊಂಡು ಕೂತೆ. ಮೇಲೆ ಊರ ದೇವರು. ಅದರ ಕೆಳಗೆ ನಾಯಕರ ಸಾಲು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷ ಇಲ್ಲ ಅನ್ನುವುದು ಕಾನೂನು, ಸಾಲಿನಲ್ಲಿ ಯಾರ ಮುಖ ಇದೆ ಅಂತ ನೋಡಿದರೆ ಪಕ್ಷ ಯಾವುದು ಅಂತ ಮಗುವಿಗೂ ತಿಳಿಯುತ್ತದೆ. ಅದಿರಲಿ. ಮಧ್ಯದಲ್ಲಿ ಬಿಳಿ ಅಂಗಿ ಹಾಕಿ ಕೈ ಮುಗಿದು ನಿಂತ ಗಂಡಸು. ಅವರು ಅಭ್ಯರ್ಥಿ ಅಲ್ಲ. ಕೆಳಗೆ ಮೂಲೆಯಲ್ಲಿ, ಆಧಾರ್ ಕಾರ್ಡಿನಿಂದ ತೆಗೆದ ಹಾಗಿರುವ ಮಸುಕು ಫೋಟೋದಲ್ಲಿ ಒಬ್ಬ ಹೆಂಗಸು. ಅವರೇ ಅಭ್ಯರ್ಥಿ. ಟೀಚರ್ ಬುದ್ಧಿ ಬಿಡುತ್ತದೆಯೇ, ಸ್ಕೇಲ್ ಇಟ್ಟು ಅಳೆದೆ. ಗಂಡನ ಚಿತ್ರ ನಾಲ್ಕು ಇಂಚು, ಹೆಂಡತಿಯದು ಒಂದೂಕಾಲು. ಇನ್ನೆರಡು ಕರಪತ್ರಗಳಲ್ಲಿ ಆ ಒಂದೂಕಾಲು ಇಂಚೂ ಇಲ್ಲ. ಬರಹ ಮಾತ್ರ: “ನಿಮ್ಮ ಮನೆಯ ಮಗನಾದ ಇಂಥವರ ಧರ್ಮಪತ್ನಿ ಶ್ರೀಮತಿ ಇಂಥವರಿಗೆ ನಿಮ್ಮ ಅತ್ಯಮೂಲ್ಯ ಮತ ನೀಡಿ.” ಗಂಡನ ಹೆಸರು ದಪ್ಪ ಅಕ್ಷರ, ಕೆಂಪು ಬಣ್ಣ.

ಮೋಸ ಅಂತ ನಾನು ಹೇಳುತ್ತಿಲ್ಲ. ಅವರ ಲೆಕ್ಕ ಸರಿಯಾಗೇ ಇದೆ. ಜನ ಯಾರ ಮುಖ ಬಲ್ಲರೋ ಅದನ್ನೇ ಹಾಕುತ್ತಾರೆ. ಆದರೆ ಆ ನಾಲ್ಕು ಇಂಚಿನ ಮುಖ ಮತಪತ್ರದ ಮೇಲೆ ಇರುವುದಿಲ್ಲವಲ್ಲ. ಹತ್ತು ದಿನ ಊರಿಗೆಲ್ಲ ಒಬ್ಬರನ್ನು ತೋರಿಸಿ, ಹನ್ನೊಂದನೇ ದಿನ ಇನ್ನೊಬ್ಬರ ಹೆಸರಿನ ಮುಂದೆ ಒತ್ತು ಅಂದರೆ ಆ ಅಜ್ಜಿ ಏನು ಮಾಡಬೇಕು?

ಹೆಂಗಸಿನ ಹೆಸರಿನ ಈ ತಕರಾರು ನಮ್ಮ ಮೊದಲ ಚುನಾವಣೆಯಷ್ಟೇ ಹಳೆಯದು. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯಲು ಹೋದಾಗ ಎಷ್ಟೋ ಕಡೆ ಹೆಂಗಸರು ಹೆಸರೇ ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಹೆಸರು ಕೊಟ್ಟರೆ ಪಟ್ಟಿಯಲ್ಲಿ ಇರುತ್ತೀರಿ, ಇಲ್ಲದಿದ್ದರೆ ಇಲ್ಲ ಅಂದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಅಷ್ಟು ಜನರ ವೋಟು ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ ನಿಜ. ಆದರೂ ಆ ಮನುಷ್ಯನ ಹಟ ನನಗೆ ಇಷ್ಟ. ಮುಂದಿನ ಚುನಾವಣೆ ಹೊತ್ತಿಗೆ ಹೆಸರು ಹೇಳುವುದು ರೂಢಿಯಾಗುತ್ತಾ ಬಂತು. ಮತದಾರಳಿಗೆ ತನ್ನದೇ ಹೆಸರು ಇರಬೇಕು ಅಂತ ಅಂದೇ ಹಟ ಹಿಡಿದ ದೇಶದಲ್ಲಿ, ಅಭ್ಯರ್ಥಿಯ ಕರಪತ್ರದಲ್ಲಿ ಅಭ್ಯರ್ಥಿಯದೇ ಮುಖ ಇರಬೇಕು ಅಂತ ಇವತ್ತಿಗೂ ಯಾರೂ ಹಟ ಹಿಡಿದಿಲ್ಲ.

ನನ್ನ ಅಜ್ಜಿ ಆ ಮೊದಲ ಚುನಾವಣೆಯಲ್ಲಿ ವೋಟು ಹಾಕಿದ್ದರು. ಆಗ ಮತಪತ್ರದ ಮೇಲೆ ಒತ್ತುವುದು ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು. “ಜೋಡೆತ್ತಿನ ಪೆಟ್ಟಿಗೆಗೆ ಕೈ ಮುಗಿದು ಹಾಕಿ ಬಂದೆ” ಅನ್ನುತ್ತಿದ್ದರು. ಕಾಂಗ್ರೆಸ್ಸಿಗೆ ಆಗ ಜೋಡೆತ್ತು, ಜನಸಂಘಕ್ಕೆ ದೀಪ. ನಿಂತವರು ಯಾರು ಅಂತ ಕೇಳಿದರೆ ಅಜ್ಜಿಗೆ ಗೊತ್ತಿರಲಿಲ್ಲ, ಎತ್ತು ಮಾತ್ರ ಗೊತ್ತಿತ್ತು. ಆ ಕಾಲಕ್ಕೆ ಗುರುತು ದೊಡ್ಡ ಉಪಕಾರ ಮಾಡಿತು. ಓದಲು ಬಾರದ ದೇಶವೊಂದು ಚಿತ್ರ ನೋಡಿ ಸರ್ಕಾರ ಆರಿಸಿತು. ಆ ಪೆಟ್ಟಿಗೆಗಳ ಪದ್ಧತಿ 1957ರವರೆಗೂ ಇತ್ತು, ಎಲ್ಲ ಕಡೆ ಮತಪತ್ರದ ಮೇಲೆ ಒತ್ತುವುದು ಬಂದದ್ದು ಆಮೇಲೆ.

ಪಕ್ಷದ ಗುರುತು ವರ್ಷಗಟ್ಟಲೆ ಕಣ್ಣಿಗೆ ಬಿದ್ದು ಬಿದ್ದು ಒಳಗೆ ಇಳಿದಿರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಅದಿಲ್ಲ. ಅಲ್ಲಿ ಆಟೋ, ಫ್ಯಾನು, ಹೊಲಿಗೆ ಮಷೀನು. ಹೋದ ಸಲ ಫ್ಯಾನಿಗೆ ನಿಂತವನು ಈ ಸಲ ಇನ್ನೇನೋ. ಈ ಗುರುತು ಊರಿಗೆ ತಿಳಿಯಲು ಎಷ್ಟು ದಿನ ಸಿಗುತ್ತದೆ, ನಿಮ್ಮದೇ ವೇಳಾಪಟ್ಟಿ ನೋಡಿ. 2020ರಲ್ಲಿ ಮೊದಲ ಹಂತಕ್ಕೆ ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಡಿಸೆಂಬರ್ 14. ಮತದಾನ 22ಕ್ಕೆ. ಎರಡನೇ ಹಂತಕ್ಕೆ 19 ಮತ್ತು 27. ವಾಪಸಾತಿ ಮುಗಿದ ಮೇಲೆಯೇ ಗುರುತು ಹಂಚುವುದು. ಅಂದರೆ ಎಂಟು ದಿನ. ಕೊನೆಯ ಎರಡು ದಿನ ಬಹಿರಂಗ ಪ್ರಚಾರ ಇಲ್ಲ. ಉಳಿದ ಆರು ದಿನದಲ್ಲಿ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಬೇಕು, ಕರಪತ್ರ ಬರಬೇಕು, ಡಮ್ಮಿ ಬ್ಯಾಲೆಟ್ ಅನ್ನುವ ಮಾದರಿ ಮತಪತ್ರ ಹಂಚಬೇಕು, ಮನೆಮನೆ ಸುತ್ತಬೇಕು.

ಮನೆ ಬಾಗಿಲಿಗೆ ಬಂದವರು ಹೇಳುವುದೂ ಅಷ್ಟೇ: “ಮೇಲಿಂದ ಮೂರನೇದು, ಆಟೋ ಗುರುತು, ಮರೀಬೇಡಿ.” ಮತಪತ್ರದಲ್ಲಿ ಹೆಸರು ಬರುವುದು ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ, ಹಾಗಾಗಿ ಎಷ್ಟನೇದು ಅಂತ ಹೇಳಿಕೊಡಬಹುದು. ಅದರ ಮೇಲೆ ಇನ್ನೊಂದು ತೊಡಕಿದೆ. ಸುಮಾರು 400 ಜನರಿಗೆ ಒಬ್ಬ ಸದಸ್ಯ ಅನ್ನುವ ಲೆಕ್ಕ. ಎಷ್ಟೋ ಕ್ಷೇತ್ರಗಳಲ್ಲಿ ಎರಡು ಮೂರು ಸ್ಥಾನ ಇರುತ್ತವೆ, ಎಷ್ಟು ಸ್ಥಾನವೋ ಅಷ್ಟು ವೋಟು. ಮತದಾರರು ಒಂದಲ್ಲ, ಎರಡು ಮೂರು ಹೆಸರು, ಎರಡು ಮೂರು ಗುರುತು ನೆನಪಿಟ್ಟುಕೊಂಡು ಒಳಗೆ ಹೋಗಬೇಕು. ಜಾಸ್ತಿ ಒತ್ತಿದರೆ ಕುಲಗೆಟ್ಟ ಮತ. ಮಗ್ಗಿ ಕಲಿಸಿದ ನನಗೇ ಒಮ್ಮೊಮ್ಮೆ ಗೊಂದಲ ಆಗುತ್ತಿತ್ತು.

ಸೀರೆ, ಕುಕ್ಕರು, ದೇವರ ಫೋಟೋ ಮುಟ್ಟಿಸಿ ಆಣೆ, ಇವುಗಳ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಮತಪತ್ರದ ಮೇಲೆ ಫೋಟೋ ಹಾಕಿದರೆ ಮುಗಿಯಿತಲ್ಲ ಅಂತ ನೀವು ಹೇಳಬಹುದು. ಭಾರತ ಚುನಾವಣಾ ಆಯೋಗ 2015ರ ಮೇ ತಿಂಗಳಿಂದ ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಅದನ್ನು ತಂದಿತು. ಒಂದೇ ಹೆಸರಿನವರನ್ನು ನಿಲ್ಲಿಸಿ ಜನರ ದಾರಿ ತಪ್ಪಿಸುವುದನ್ನು ತಡೆಯಲು ಅಂತ. 2025ರಲ್ಲಿ ಬಿಹಾರದ ಚುನಾವಣೆಯಿಂದ ಫೋಟೋಗೆ ಬಣ್ಣವೂ ಬಂತು, ಫೋಟೋದ ಮುಕ್ಕಾಲು ಭಾಗ ಮುಖವೇ ಇರಬೇಕು ಅಂತ ನಿಯಮವೂ ಬಂತು. ಒಳ್ಳೆಯದೇ. ಪಂಚಾಯಿತಿಯ ಪ್ರತಿ ಮತಪತ್ರದಲ್ಲೂ ಅಂಥ ದೊಡ್ಡ, ಸ್ಪಷ್ಟ ಫೋಟೋ ಇರಲೇಬೇಕು. ಆದರೆ ಮತಪತ್ರದ ಫೋಟೋ ಮತದಾರರಿಗೆ ಕಾಣುವುದು ಮರೆಯ ಹಿಂದೆ ಹೋದಮೇಲೆ. ಅವಳ ಮುಖವನ್ನು ಅಲ್ಲಿಯೇ ಮೊದಲ ಸಲ ನೋಡಿದರೆ ಏನು ಪ್ರಯೋಜನ? ಊರೆಲ್ಲ ಗಂಡನ ಫ್ಲೆಕ್ಸು, ಒಳಗೆ ಹೆಂಡತಿಯ ಫೋಟೋ. ಅಜ್ಜಿ ಆಗಲೂ ಈಚೆಗೆ ಬಂದು, “ಇದ್ರಾಗೆ ರಂಗಪ್ಪ ಎಲ್ಲವ್ನೆ?” ಅಂತ ಕೇಳುತ್ತಾರೆ.

ಹಾಗಾಗಿ ನಾನು ಕೇಳುವುದು ಮತಪತ್ರಕ್ಕೆ ಮುಂಚಿನ ದಿನಗಳ ಬಗ್ಗೆ.

ಮೊದಲನೆಯದು ಕರಪತ್ರ. ಯಾರ ಹೆಸರಿನಲ್ಲಿ ವೋಟು ಕೇಳುತ್ತಾರೋ ಅವರ ಮುಖ ಆ ಕಾಗದದಲ್ಲಿ ಇರಬೇಕು. ಬೇರೆ ಯಾರ ಮುಖವೂ ಅದಕ್ಕಿಂತ ದೊಡ್ಡದಾಗಿ ಇರಬಾರದು. ಇದು ಹೆಂಗಸರಿಗೆ ಮಾತ್ರ ಅಲ್ಲ. ಗಂಡಸು ಅಭ್ಯರ್ಥಿಗಳೂ ಎಷ್ಟೋ ಸಲ ಶಾಸಕರ ಮುಖದ ಕೆಳಗೆ ಕಡಲೆಕಾಳಿನಷ್ಟಾಗಿ ಕೂತಿರುತ್ತಾರೆ. ಚುನಾವಣಾ ಅಧಿಕಾರಿಗಳು ಇದನ್ನು ಸ್ಕೇಲ್ ಇಟ್ಟು ಅಳೆಯುವುದೂ ಕಷ್ಟವಲ್ಲ. ನಾನು ಹತ್ತು ನಿಮಿಷದಲ್ಲಿ ಅಳೆದೆ.

ಎರಡನೆಯದಕ್ಕೆ ಸ್ವಲ್ಪ ಖರ್ಚಿದೆ. ವಾರ್ಡಿಗೊಂದು ಹಾಳೆ. ಆಯೋಗವೇ ಅಚ್ಚು ಹಾಕಿಸಲಿ. ನಿಂತವರೆಲ್ಲರ ಫೋಟೋ, ಹೆಸರು, ಗುರುತು, ಕೆಲಸ, ಯಾವ ಬೀದಿ. ಎಲ್ಲರದೂ ಒಂದೇ ಅಳತೆ. ಮತದಾರರ ಚೀಟಿ ಹಂಚಲು ಮನೆಮನೆಗೆ ಹೋಗುವವರ ಕೈಯಲ್ಲೇ ಇದನ್ನೂ ಕೊಟ್ಟು ಕಳಿಸಿದರೆ ಆಯಿತು. ಅಭ್ಯರ್ಥಿಗಳು ಹಂಚುವ ಡಮ್ಮಿ ಬ್ಯಾಲೆಟ್ಟಿನಲ್ಲಿ ಅವರದು ಒಂದೇ ಹೆಸರು ತುಂಬಿರುತ್ತದೆ, ಉಳಿದ ಸಾಲು ಖಾಲಿ. ಎಲ್ಲರನ್ನೂ ಒಟ್ಟಿಗೆ ತೋರಿಸುವ ಕಾಗದ ಇಡೀ ಚುನಾವಣೆಯಲ್ಲಿ ಮನೆಗೆ ಬರುವುದೇ ಇಲ್ಲ. ಅದು ಬೋರ್ಡಿನ ಮೇಲಿದೆ ಅನ್ನಬೇಡಿ. ಪಂಚಾಯಿತಿ ಕಚೇರಿಯ ಬೋರ್ಡಿನ ಮುಂದೆ ನಿಂತು ಪಟ್ಟಿ ಓದುವ ಹೆಂಗಸನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ನಾನೂ ನಿಂತಿಲ್ಲ, ಅಲ್ಲಿ ಸದಾ ನಾಲ್ಕು ಜನ ಗಂಡಸರು ಕೂತಿರುತ್ತಾರೆ.

ಈ ಹಾಳೆಯಲ್ಲಿ ‘ಕೆಲಸ’ ಅನ್ನುವ ಕಲಂ ನನಗೆ ಬಹಳ ಮುಖ್ಯ. ಒಂದೇ ಹೆಸರಿನ ಇಬ್ಬರು ನಿಂತಾಗ ಕಸುಬೋ ಊರೋ ಸೇರಿಸಿ ಬೇರೆ ಮಾಡಿ ತೋರಿಸಬೇಕು ಅನ್ನುವ ಪದ್ಧತಿ ನಮ್ಮ ಚುನಾವಣೆಗಳಲ್ಲಿ ಮೊದಲಿಂದ ಇದೆ. ಅದನ್ನು ಎಲ್ಲರಿಗೂ ಹಚ್ಚಿದರೆ ಏನು ತೊಂದರೆ? ಟೈಲರ್ ಲಕ್ಷ್ಮಮ್ಮ. ಹೂವಿನ ಲಕ್ಷ್ಮಮ್ಮ. ಸಂಘದ ಪುಸ್ತಕ ಬರೆಯುವ ಲಕ್ಷ್ಮಮ್ಮ. ‘ಗೃಹಿಣಿ’ ಅಂತ ಬರೆಸಿ ಕೈತೊಳೆದುಕೊಳ್ಳಲು ಬಿಡಬೇಡಿ. ಬೆಳಗ್ಗೆ ನಾಲ್ಕು ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಮಧ್ಯಾಹ್ನ ಕೊಬ್ಬರಿ ಬಿಡಿಸುವವಳನ್ನು ಗೃಹಿಣಿ ಅಂದರೆ ಅದು ಸುಳ್ಳು ಮಾಹಿತಿ ಕೊಟ್ಟ ಹಾಗೆ.

ಮೂರನೆಯದು, ಗುರುತು ಹಂಚಿದ ದಿನಕ್ಕೂ ಮತದಾನಕ್ಕೂ ನಡುವೆ ಇನ್ನೊಂದು ವಾರ ಕೊಡಿ. ಖರ್ಚು ಜಾಸ್ತಿ ಆಗುತ್ತದೆ ಅನ್ನುತ್ತಾರೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ನಾವು 2016ರಲ್ಲಿ ಹಾಕಿದ ವೋಟಿನ ಅವಧಿ 2021ಕ್ಕೇ ಮುಗಿದು, ಆ ಕುರ್ಚಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ವರ್ಷಗಳನ್ನು ಅಷ್ಟು ಧಾರಾಳವಾಗಿ ಬಿಟ್ಟುಕೊಡಲು ಆಗುವ ರಾಜ್ಯಕ್ಕೆ ಏಳು ದಿನ ಭಾರವೇ? ತಡ ಆದದ್ದು ನಿಮ್ಮಿಂದಲ್ಲ ಅಂತ ನನಗೆ ಗೊತ್ತು. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು. ಆದರೂ ಹೇಳದೆ ಇರಲು ಆಗಲಿಲ್ಲ.

ನಾಲ್ಕನೆಯದು ನನ್ನ ಆಸೆ, ನಿಯಮ ಆಗುವುದು ಕಷ್ಟ. ಒಂದು ಸಂಜೆ ಶಾಲೆಯ ಮೈದಾನದಲ್ಲಿ ವಾರ್ಡಿನ ಅಭ್ಯರ್ಥಿಗಳೆಲ್ಲ ಬರಲಿ. ತಲಾ ಐದು ನಿಮಿಷ. ಅಭ್ಯರ್ಥಿಯೇ ಮಾತಾಡಬೇಕು, ಅವರ ಪರವಾಗಿ ಬೇರೆಯವರು ಮಾತಾಡುವ ಹಾಗಿಲ್ಲ. ಮೈಕು ಬೇಡ, ಹಾರ ಬೇಡ.

ಇದನ್ನೆಲ್ಲ ಹೇಳುವಾಗ ನನಗೆ ಒಂದು ಅಳುಕೂ ಇದೆ. ನಮ್ಮ ಊರಿನ ಒಬ್ಬರು ಸದಸ್ಯೆಯನ್ನು ಕೇಳಿದೆ, ನಿಮ್ಮ ಫೋಟೋ ಯಾಕೆ ಸಣ್ಣದು ಅಂತ. “ಬಸ್ ಸ್ಟ್ಯಾಂಡ್‌ನಲ್ಲಿ ನನ್ನ ಫೋಟೋ ನೇತಾಕಿದ್ರೆ ಹುಡುಗರು ಏನೇನೋ ಮಾಡ್ತಾರೆ ಮೇಡಂ, ನಾನೇ ಬೇಡ ಅಂದೆ” ಅಂದರು. ಅವರ ಮಾತು ತಳ್ಳಿಹಾಕುವ ಹಾಗಿಲ್ಲ. ಫ್ಲೆಕ್ಸ್ ಬೇಡ ಅನ್ನುವವರಿಗೆ ಬೇಡ. ಆದರೆ ಮನೆಮನೆಗೆ ಹೋಗುವ ಹಾಳೆಯಲ್ಲಿ, ಎಲ್ಲರ ಜೊತೆ ಒಂದೇ ಅಳತೆಯಲ್ಲಿ ಇದ್ದರೆ ಯಾರೂ ಅದಕ್ಕೆ ಮೀಸೆ ಬರೆಯಲು ಹೋಗುವುದಿಲ್ಲ. ಬರೆದರೂ ಅವರವರ ಮನೆಯೊಳಗೆ.

ಇನ್ನೊಂದು ಆಕ್ಷೇಪಣೆ ನನ್ನ ಮನೆಯವರದೇ. “ಗೆದ್ದಮೇಲೆ ಆಡಳಿತ ಮಾಡೋದು ಹೇಗೂ ಗಂಡನೇ, ಜನ ಗಂಡನ್ನ ನೋಡಿ ವೋಟ್ ಹಾಕಿದ್ರೆ ತಪ್ಪೇನು?” ಅಂತ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅನಿಸುವುದು ಬೇರೆ. ಗಂಡನ ಮುಖ ತೋರಿಸಿ ಗೆದ್ದವಳು ಸಭೆಯಲ್ಲಿ ಬಾಯಿ ಬಿಡುವುದು ಯಾವ ಧೈರ್ಯದ ಮೇಲೆ? ನಿನಗೆ ವೋಟು ಹಾಕಿದ್ದಲ್ಲ ಅಂತ ಮನೆಯಲ್ಲೂ ಹೇಳುತ್ತಾರೆ, ಊರಲ್ಲೂ ಹೇಳುತ್ತಾರೆ. ಅವಳಿಗೂ ಹಾಗೇ ಅನಿಸುತ್ತದೆ. ಸದಸ್ಯೆಯರ ಬದಲು ಗಂಡಂದಿರು ಅಧಿಕಾರ ನಡೆಸುವುದನ್ನು ತಡೆಯುವುದು ಹೇಗೆ ಅಂತ ನೋಡಲು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಒಂದು ಸಮಿತಿಯನ್ನೇ ಮಾಡಿತು. ಸಭೆಗೆ ಗಂಡ ಬರಬಾರದು ಅಂತ ಸುತ್ತೋಲೆ ಕಳಿಸುವುದಂತೂ ಇದ್ದೇ ಇದೆ. ಗಂಡ ಒಳಗೆ ಬಂದದ್ದು ಸಭೆಯ ದಿನ ಅಲ್ಲ, ಕರಪತ್ರ ಅಚ್ಚಾದ ದಿನ. ಬಾಗಿಲು ಹಾಕಬೇಕಾದ್ದು ಅಲ್ಲಿ.

ಪಂಚಾಯಿತಿಯಲ್ಲಿ ಹೆಂಗಸರಿಗೆ ಸ್ಥಾನ ಕೊಡುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ ಕಾನೂನಿನಲ್ಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಗೇ, ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟವರು ನಾವು. ದೇಶದಲ್ಲಿ ಮೂರನೇ ಒಂದು ಭಾಗ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಈಗ ಅರ್ಧಕ್ಕೆ ಅರ್ಧ. ಸುಮಾರು 6 ಸಾವಿರ ಗ್ರಾಮ ಪಂಚಾಯಿತಿ, 90 ಸಾವಿರಕ್ಕೂ ಹೆಚ್ಚು ಸದಸ್ಯರು, ಅದರಲ್ಲಿ ಅರ್ಧ ಹೆಂಗಸರು. ಅಷ್ಟು ಜನರನ್ನು ಕುರ್ಚಿಯ ಹತ್ತಿರ ತಂದು ನಿಲ್ಲಿಸಿದ್ದೇವೆ. ಅವರು ಯಾರು ಅಂತ ಊರಿಗೆ ತೋರಿಸುವ ಕೆಲಸ ಮಾತ್ರ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಬಿಟ್ಟಿದ್ದೇವೆ.

2020ರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದಳು. ಗಂಡ, ಮೈದುನ, ಇನ್ನೂ ನಾಲ್ಕು ಜನರ ಹಿಂದೆ ನಮ್ಮ ಮನೆಗೆ ಬಂದಳು. ಮಾಸ್ಕಿನೊಳಗೆ ಮುಖವೇ ಕಾಣಲಿಲ್ಲ. ಗಂಡ ಮಾತಾಡಿದ, ಅವಳು ಕೈ ಮುಗಿದಳು. ಹೊರಡುವಾಗ ತಡೆದು, “ನೀನು ಹೇಳಮ್ಮ, ಗೆದ್ದರೆ ಏನು ಮಾಡ್ತೀಯ?” ಅಂದೆ. ಮಾಸ್ಕ್ ಕೆಳಗೆ ಎಳೆದುಕೊಂಡಳು. ನಲ್ಲಿ ನೀರು ಬಿಡುವ ಹೊತ್ತು ಬದಲಿಸಬೇಕು ಅಂದಳು. ಬೆಳಗ್ಗೆ ಕೂಲಿಗೆ ಹೋದವರು ವಾಪಸ್ ಬರುವ ಮುಂಚೆಯೇ ನೀರು ನಿಂತುಹೋಗಿರುತ್ತದೆ, ಆರು ಗಂಟೆ ಮೇಲೆ ಬಿಡಿಸಬೇಕು ಅಂದಳು. ಗಂಡ ಅವಳನ್ನೇ ನೋಡುತ್ತಾ ನಿಂತಿದ್ದ. ಅವನ ಕರಪತ್ರದಲ್ಲಿ ಸಿಸಿ ರಸ್ತೆ, ಹೈಮಾಸ್ಟ್ ದೀಪ ಎಲ್ಲ ಇತ್ತು, ನೀರಿನ ಹೊತ್ತು ಇರಲಿಲ್ಲ. ಆ ಕರಪತ್ರದಲ್ಲಿ ಅವಳ ಫೋಟೋ ಇತ್ತು. ಒಂದೂಕಾಲು ಇಂಚು ಅಂದೆನಲ್ಲ, ಅದು ಅವಳದೇ.

ಮುಂದಿನ ಪಂಚಾಯಿತಿ ಚುನಾವಣೆಯ ಅಧಿಸೂಚನೆ ಹೊರಡಿಸುವ ಮುಂಚೆ ಇದನ್ನು ಒಮ್ಮೆ ಓದಿ. ನಾಲ್ಕರಲ್ಲಿ ಒಂದನ್ನಾದರೂ ಮಾಡಬಹುದೇ ನೋಡಿ. ಹಾಳೆಯ ಮಾದರಿ ಹೇಗಿರಬೇಕು ಅಂತ ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಗೆರೆ ಸ್ವಲ್ಪ ಸೊಟ್ಟ ಇದೆ, ಕೈ ಈಗ ಮೊದಲಿನ ಹಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ತಿಪಟೂರು ತಾಲ್ಲೂಕು

ನನ್ನ ಹೆಸರು, ವಿಳಾಸ, ಫೋನ್ ನಂಬರು ಅಂಚೆಯಲ್ಲಿ ಕಳಿಸಿದ ಪ್ರತಿಯಲ್ಲಿವೆ. ಅಲ್ಲಿ ‘ಕೋಂ’ ಬರೆದಿಲ್ಲ. ಅದಿಲ್ಲದೆ ಟಪಾಲು ಪುಸ್ತಕದಲ್ಲಿ ದಾಖಲು ಮಾಡಲು ಆಗುವುದಿಲ್ಲ ಅಂತ ಗುಮಾಸ್ತರು ಹೇಳಿದರೆ ನನಗೇ ಫೋನ್ ಮಾಡಲಿ. ಮನೆಯವರ ನಂಬರು ಕೊಟ್ಟಿಲ್ಲ.